ಕೆಲಸ ಹೋದಾಗ ಇನ್ಸುಲಿನ್: ಅಮೆರಿಕದಲ್ಲಿ ಇನ್ಶೂರೆನ್ಸ್ ಇಲ್ಲದ ತಿಂಗಳುಗಳಿಗೆ ಯಾವ ದಾರಿ ಯಾರಿಗೆ

ಮೊದಲು ಫ್ರಿಜ್ ತೆಗೆದು ಎಣಿಸಿ. ಲೇಆಫ್ ಮೇಲ್ ಬಂದ ದಿನ ಎಲ್ಲರ ತಲೆ ಓಡೋದು ವೀಸಾ ಕಡೆಗೆ, ಆಮೇಲೆ ಬಾಡಿಗೆ, ಕಾರಿನ ಕಂತು, ಊರಲ್ಲಿ ಅಪ್ಪ ಅಮ್ಮಂಗೆ ಹೇಳೋದಾ ಬೇಡ್ವಾ ಅಂತ, ಅದೆಲ್ಲ ಸರಿ, ಆದ್ರೆ ಮನೇಲಿ ಇನ್ಸುಲಿನ್ ಮೇಲೆ ಬದುಕ್ತಿರೋರು ಒಬ್ರಿದ್ರೂ ಮೊದಲ ಕೆಲಸ ಇದೇ: ಎಷ್ಟು ಇನ್ಸುಲಿನ್ ಪೆನ್ ಇದೆ, ಎಷ್ಟು ವಯಲ್ (ಸಣ್ಣ ಬಾಟ್ಲಿ) ಇದೆ, ಎಕ್ಸ್‌ಪೈರಿ ಯಾವಾಗ, ದಿನಕ್ಕೆ ಎಷ್ಟು ಯೂನಿಟ್ ಹೋಗುತ್ತೆ, ಹಾಗಾದ್ರೆ ಎಷ್ಟು ದಿನ ಬರುತ್ತೆ. ಒಂದು ಚೀಟೀಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ನಾವಿರೋದು ಟೆಕ್ಸಸ್‌ನ ಪ್ಲೇನೋದಲ್ಲಿ. ಮಗಳಿಗೆ ಟೈಪ್ 1 ಡಯಾಬಿಟಿಸ್, ಐದನೇ ವಯಸ್ಸಿಂದ, ಇನ್ಸುಲಿನ್ ಇಲ್ದೆ ಬದುಕೋಕಾಗಲ್ಲ. 2024ರ ಮಾರ್ಚ್‌ನಲ್ಲಿ ನಮ್ಮನೆಯವರ ಕೆಲಸ ಹೋದಾಗ ಅವಳಿಗೆ ಏಳು ವರ್ಷ, ಇನ್ಶೂರೆನ್ಸ್ ಮಾರ್ಚ್ 31ಕ್ಕೆ ಮುಗೀತು, ಹೊಸ ಕಂಪನಿಯ ಇನ್ಶೂರೆನ್ಸ್ ಶುರುವಾಗಿದ್ದು ಜೂನ್ 1ಕ್ಕೆ. ಮಧ್ಯದ ಆ ಎರಡು ತಿಂಗಳು ನಾನು ಕಲಿತದ್ದನ್ನ, ಆಮೇಲೆ ಇಲ್ಲಿನ ನಾಲ್ಕೈದು ಕನ್ನಡದ ಮನೆಗಳಿಗೆ ಫೋನಲ್ಲಿ ಹೇಳಿ ಹೇಳಿ ಇನ್ನಷ್ಟು ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ಡೋಸ್ ವಿಷಯ ಏನಿದ್ರೂ ನಿಮ್ಮ ಎಂಡೋಕ್ರಿನಾಲಜಿಸ್ಟ್ (ಡಯಾಬಿಟಿಸ್ ನೋಡೋ ಡಾಕ್ಟರ್) ಹತ್ರಾನೇ ಕೇಳಿ, ನಾನು ಹೇಳೋದು ದುಡ್ಡು ಮತ್ತೆ ದಾರಿ ವಿಷಯ.

ಒಂದು ಮಾತು ಮಾತ್ರ ಎಲ್ಲಕ್ಕಿಂತ ಮೊದಲು. ಇನ್ಸುಲಿನ್ ಉಳಿಸೋಕೆ ಡೋಸ್ ಕಮ್ಮಿ ಮಾಡ್ಬೇಡಿ, ದಯವಿಟ್ಟು. ಮಿನ್ನೆಸೋಟಾದ ಅಲೆಕ್ ಸ್ಮಿತ್ ಅನ್ನೋ ಹುಡುಗ 26 ತುಂಬಿ ಅಮ್ಮನ ಇನ್ಶೂರೆನ್ಸಿಂದ ಹೊರಬಿದ್ದು ಒಂದು ತಿಂಗಳಾಗೋದ್ರೊಳಗೆ, 2017ರ ಜೂನ್‌ನಲ್ಲಿ ತೀರ್ಕೊಂಡ, ಮುಂದಿನ ಸಂಬಳದ ತನಕ ಎಳೆಯೋಣ ಅಂತ ಇನ್ಸುಲಿನ್ ಕಮ್ಮಿ ಕಮ್ಮಿ ತಗೊಳ್ತಿದ್ದ. ಆಗಿನ ರೇಟಲ್ಲಿ ಬೇರೆ ದಾರಿ ನಿಜವಾಗ್ಲೂ ಕಷ್ಟ ಇತ್ತು. ಈಗ ಹಾಗಿಲ್ಲ, ಅದಕ್ಕೇ ಇದನ್ನ ಬರೀತಿರೋದು: ಇವತ್ತು ಅಮೆರಿಕದಲ್ಲಿ ಇನ್ಸುಲಿನ್ ಅನ್ನೋ ಔಷಧಿ ಒಂದನ್ನ ತಗೊಳ್ಳೋಕೆ ಕೆಲಸಾನೂ ಬೇಕಿಲ್ಲ, ಇನ್ಶೂರೆನ್ಸೂ ಬೇಕಿಲ್ಲ, ಆದ್ರೆ ಅದು ಕೌಂಟರಲ್ಲಿ ಯಾರೂ ತಾವಾಗೇ ಹೇಳಲ್ಲ, ನಾವು ಕೇಳ್ಬೇಕು. ನಮ್ಮ ಜನ ಲೇಆಫ್ ಆದದ್ದನ್ನೇ ಮುಚ್ಚಿಡ್ತಾರೆ, ಇನ್ನು ಔಷಧಿಗೆ ದುಡ್ಡಿಲ್ಲ ಅಂತ ಬಾಯಿ ಬಿಟ್ಟು ಹೇಳೋದು ದೂರದ ಮಾತು. ಕೇಳಿ, ಇದ್ರಲ್ಲಿ ನಾಚಿಕೆ ಪಡೋ ಅಂಥದ್ದು ಏನೂ ಇಲ್ಲ.

ಇನ್ಶೂರೆನ್ಸ್ ಇನ್ನೂ ಮುಗಿದಿಲ್ಲ ಅಂದ್ರೆ

ಎಚ್‌ಆರ್‌ಗೆ ಮೊದಲು ಕೇಳ್ಬೇಕಾದ್ದು ಕವರೇಜ್ ಕೊನೇ ದಿನ ಯಾವುದು ಅಂತ. ಕೆಲವು ಕಡೆ ಕೆಲಸದ ಕೊನೇ ದಿನವೇ ಮುಗಿಯುತ್ತೆ, ಕೆಲವು ಕಡೆ ಆ ತಿಂಗಳ ಕೊನೆ ತನಕ ಇರುತ್ತೆ. ಇದ್ರೆ ಅದೇ ದಿನ ಡಾಕ್ಟರ್ ಆಫೀಸಿಗೆ ಫೋನ್ ಮಾಡಿ 90 ದಿನದ ಪ್ರಿಸ್ಕ್ರಿಪ್ಷನ್ ಕಳ್ಸಿ ಅನ್ನಿ, ಇನ್ಸುಲಿನ್ ಒಂದೇ ಅಲ್ಲ, ಪೆನ್ ನೀಡಲ್, ಸ್ಟ್ರಿಪ್, ಮೈಗೆ ಅಂಟಿಸಿ ಶುಗರ್ ನೋಡೋ ಸೆನ್ಸರ್, ಕೀಟೋನ್ ಸ್ಟ್ರಿಪ್ (ಇನ್ಸುಲಿನ್ ಸಾಲ್ದೆ ಹೋದ್ರೆ ತೋರಿಸೋದು), ಗ್ಲೂಕಗಾನ್ (ಶುಗರ್ ತೀರಾ ಕುಸಿದಾಗ ಕೊಡೋ ಔಷಧಿ) ಎಲ್ಲ. ಪಂಪ್ ಹಾಕಿರೋರು ಇನ್ನೊಂದು ಕೇಳ್ಲೇಬೇಕು, ಪಂಪಲ್ಲಿ ಇರೋದು ಬರೀ ರ‍್ಯಾಪಿಡ್ ಇನ್ಸುಲಿನ್, ಪಂಪಿನ ಸಾಮಾನು ಮುಗಿದ್ರೆ ದಿನವಿಡೀ ಕೆಲಸ ಮಾಡೋ ಬೇಸಲ್ ಇನ್ಸುಲಿನ್ ಮನೇಲಿ ಇರೋದೇ ಇಲ್ಲ, ಅದಕ್ಕೆ ಬ್ಯಾಕಪ್ ಅಂತ ಬೇಸಲ್ ಇನ್ಸುಲಿನ್ ಆದ ಗ್ಲಾರ್ಜಿನ್‌ಗೆ ಒಂದು ಪ್ರಿಸ್ಕ್ರಿಪ್ಷನ್ ಮತ್ತೆ ಎಷ್ಟು ಯೂನಿಟ್ ತಗೊಳ್ಬೇಕು ಅಂತ ಒಂದು ಲೈನ್ ಬರೆಸ್ಕೊಂಡು ಇಟ್ಕೊಳ್ಳಿ.

ಎಫ್‌ಎಸ್‌ಎ (ಔಷಧಿ ಖರ್ಚಿಗೆ ಅಂತ ಸಂಬಳದಿಂದ ಟ್ಯಾಕ್ಸ್ ಇಲ್ದೆ ಎತ್ತಿಡೋ ಖಾತೆ) ಇದ್ರೆ ಅದ್ರಲ್ಲಿ ವರ್ಷಕ್ಕೆ ಎಷ್ಟು ಅಂತ ಬರೆಸಿದ್ರೋ ಅಷ್ಟೂ ದುಡ್ಡನ್ನ, ನಿಮ್ಮ ಸಂಬಳದಿಂದ ಇನ್ನೂ ಪೂರ್ತಿ ಕಟ್ ಆಗಿಲ್ದಿದ್ರೂ, ಕೊನೇ ದಿನದೊಳಗೆ ಖರ್ಚು ಮಾಡ್ಬಹುದು. ನಂಗೆ ಇದು ಗೊತ್ತಾಗಿದ್ದು ಒಂದು ವಾರ ತಡವಾಗಿ, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಎಚ್‌ಎಸ್‌ಎ ಅನ್ನೋ ಉಳಿತಾಯ ಖಾತೆ ಹಾಗಲ್ಲ, ಅದು ನಿಮ್ಮದೇ ದುಡ್ಡು, ಕೆಲಸ ಹೋದ್ರೂ ಇರುತ್ತೆ, ಅದರಿಂದ ಇನ್ಸುಲಿನ್ನೂ ತಗೊಳ್ಬಹುದು, ಕೋಬ್ರಾ (ಹಳೇ ಪ್ಲಾನ್ ಮುಂದುವರ್ಸೋದು, ಕೆಳಗೆ ಹೇಳ್ತೀನಿ) ಪ್ರೀಮಿಯಮ್ಮೂ ಕಟ್ಬಹುದು.

ಕೋಬ್ರಾನಾ, ಮಾರ್ಕೆಟ್‌ಪ್ಲೇಸಾ, ಗಂಡ/ಹೆಂಡತಿ ಕಂಪನೀದಾ

ಗಂಡ ಹೆಂಡತಿ ಇಬ್ರೂ ಕೆಲಸದಲ್ಲಿದ್ರೆ ಯೋಚನೆ ಮಾಡೋದೇ ಬೇಡ, ಇನ್ನೊಬ್ಬರ ಕಂಪನಿ ಪ್ಲಾನಿಗೆ ಸೇರ್ಕೊಳ್ಳಿ. ಆದ್ರೆ ಅಲ್ಲಿ ಗಡುವು 30 ದಿನ, 60 ಅಲ್ಲ. ಬೇರೆ ಎಲ್ಲದಕ್ಕೂ 60 ಅಂತ ಕೇಳಿ ಕೇಳಿ ಇದಕ್ಕೂ 60 ಅಂದ್ಕೊಂಡು ಕೂತು ತಪ್ಪಿಸ್ಕೊಂಡೋರು ಇದ್ದಾರೆ.

ಕೋಬ್ರಾ ಅಂದ್ರೆ ಹಳೇ ಪ್ಲಾನನ್ನೇ ಪೂರ್ತಿ ದುಡ್ಡು ಕೊಟ್ಟು ಮುಂದುವರ್ಸೋದು, 20 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಂಪನಿಗೆ ಅನ್ವಯ, ಕೆಲಸ ಹೋದ್ರೆ 18 ತಿಂಗಳ ತನಕ ಸಿಗುತ್ತೆ. ಕಂಪನಿ ಪಾಲು, ನಿಮ್ಮ ಪಾಲು ಎರಡೂ ನೀವೇ ಕಟ್ಬೇಕು, ಮೇಲೆ ಶೇ. 2 ಖರ್ಚು. ನಮ್ಗೆ ಬಂದ ಕಾಗದದಲ್ಲಿ ತಿಂಗಳಿಗೆ ಎರಡು ಸಾವಿರ ಡಾಲರಿಗೂ ಮೇಲೆ ಇತ್ತು, ನೋಡಿ ಕೈ ಕಾಲೇ ಆಡ್ಲಿಲ್ಲ.

ಆದ್ರೆ ಕೋಬ್ರಾದಲ್ಲಿ ಒಂದು ಒಳ್ಳೇ ಅಂಶ ಇದೆ, ಅದನ್ನ ನಿಧಾನವಾಗಿ ಓದಿ. ಕವರೇಜ್ ಹೋದ ದಿನ ಅಥವಾ ನೋಟಿಸ್ ಬಂದ ದಿನ, ಇವೆರಡ್ರಲ್ಲಿ ಯಾವುದು ಆಮೇಲಿಂದೋ ಅಲ್ಲಿಂದ 60 ದಿನ ನಿಮ್ಗೆ ಬೇಕಾ ಬೇಡ್ವಾ ಅಂತ ಹೇಳೋಕೆ ಟೈಮ್ ಇದೆ, ಬೇಕು ಅಂದ ಮೇಲೆ ಮೊದಲ ಕಂತು ಕಟ್ಟೋಕೆ ಇನ್ನೂ 45 ದಿನ ಇದೆ, ಮತ್ತೆ ನೀವು ಯಾವತ್ತು ಬೇಕು ಅಂದ್ರೂ ಅದು ಕವರೇಜ್ ಹೋದ ದಿನದಿಂದಾನೇ ಲೆಕ್ಕ ಹಿಡಿಯುತ್ತೆ, ಹಿಂದಿನ ತಿಂಗಳುಗಳ ದುಡ್ಡು ಕಟ್ಟಿದ್ರೆ ಆಯ್ತು. ಅಂದ್ರೆ ಆ 60 ದಿನ ಕಾಗದ ಡ್ರಾಯರಲ್ಲಿ ಇಟ್ಕೊಂಡು ಕಾಯ್ಬಹುದು, ಏನೂ ಆಗ್ಲಿಲ್ಲ ಅಂದ್ರೆ ಒಂದು ಡಾಲರೂ ಕೊಡ್ದೆ ದಾಟ್ಬಹುದು, ಮಗು ಆಸ್ಪತ್ರೆ ಸೇರೋ ಪರಿಸ್ಥಿತಿ ಬಂತು ಅಂದ್ರೆ ಆಗ ಸಹಿ ಹಾಕಿ ಕಳ್ಸಬಹುದು. ನಾವು ಮಾಡಿದ್ದು ಇದನ್ನೇ. ನೋಟಿಸ್ ಬಂದಿದ್ದು ಏಪ್ರಿಲ್ 12ಕ್ಕೆ, ಜೂನ್ 11ರ ತನಕ ಟೈಮ್ ಇತ್ತು, ಜೂನ್ 1ಕ್ಕೆ ಹೊಸದು ಬಂತು, ಆ ಕವರ್ ಇನ್ನೂ ನನ್ನ ಹತ್ರ ಹಾಗೇ ಇದೆ. ಕಾಯೋ ದಿನಗಳಲ್ಲಿ ಫಾರ್ಮಸೀಲಿ ಕಾರ್ಡ್ ನಡೆಯಲ್ಲ ಅಷ್ಟೆ, ಕೈಯಿಂದ ಕೊಟ್ಟು ರಸೀದಿ ಇಟ್ಕೊಳ್ಬೇಕು, ಆಮೇಲೆ ಕೋಬ್ರಾ ತಗೊಂಡ್ರೆ ಕ್ಲೇಮ್ ಮಾಡ್ಬಹುದು.

ಮಾರ್ಕೆಟ್‌ಪ್ಲೇಸ್ ಅಂದ್ರೆ ನಾವೇ ಇನ್ಶೂರೆನ್ಸ್ ಕೊಂಡ್ಕೊಳ್ಳೋ ಸರ್ಕಾರಿ ಸೈಟ್, ಹೆಲ್ತ್‌ಕೇರ್ ಡಾಟ್ ಗವ್, ಕೆಲವು ರಾಜ್ಯಗಳಿಗೆ ಅವ್ರದ್ದೇ ಸೈಟ್. ಇಲ್ಲೂ ಕವರೇಜ್ ಹೋಗೋಕೆ 60 ದಿನ ಮುಂಚೆಯಿಂದ, ಹೋದ ಮೇಲೆ 60 ದಿನದ ತನಕ ಸೇರ್ಬಹುದು. ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವ್ರ ಗಂಡ/ಹೆಂಡತಿ, ಮಕ್ಕಳ ವೀಸಾ) ಇವುಗಳಲ್ಲಿರೋರೂ ಕಾನೂನು ಪ್ರಕಾರ ಇರೋರೇ, ಕೊಂಡ್ಕೊಳ್ಬಹುದು. ಡಯಾಬಿಟಿಸ್ ಮೊದಲಿಂದ ಇದೆ ಅಂತ ಯಾವ ಪ್ಲಾನೂ ಬೇಡ ಅನ್ನಂಗಿಲ್ಲ. ನೀವು ಆರಿಸಿದ ಮುಂದಿನ ತಿಂಗಳ 1ನೇ ತಾರೀಖಿಂದ ಶುರುವಾಗುತ್ತೆ, ಹಾಗಾಗಿ ಹಳೇದು ಮುಗಿಯೋ ತಿಂಗಳೊಳಗೇ ಆರಿಸಿದ್ರೆ ಮಧ್ಯ ಒಂದು ದಿನಾನೂ ಖಾಲಿ ಬೀಳಲ್ಲ. ಸಬ್ಸಿಡಿ ವರ್ಷದ ಆದಾಯ ನೋಡಿ ಬರುತ್ತೆ, ಕೋವಿಡ್ ಕಾಲದಲ್ಲಿ ಹೆಚ್ಚು ಮಾಡಿದ್ದ ಸಬ್ಸಿಡಿ 2025ರ ಕೊನೆಗೆ ನಿಂತಿದೆ, 2027ರ ಜನವರಿಯಿಂದ ಎಚ್-1ಬಿ ಥರದ ವೀಸಾದವ್ರಿಗೆ ಸಬ್ಸಿಡೀನೇ ಇರಲ್ಲ, ಗ್ರೀನ್ ಕಾರ್ಡ್ ಇದ್ದೋರಿಗೆ ಮುಂದುವರಿಯುತ್ತೆ. ಹಳೇ ಲೆಕ್ಕ ನಂಬ್ಕೊಂಡು ಕೂರ್ಬೇಡಿ, ಸೈಟಲ್ಲಿ ನಿಮ್ಮ ಅಂಕಿ ಹಾಕಿ ನೋಡಿ.

ಎರಡ್ರಲ್ಲಿ ಯಾವುದು? ನಾನು ನೋಡೋದು ಎರಡೇ ವಿಷಯ. ಒಂದು, ಈ ವರ್ಷದ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡೋಕೆ ಶುರು ಮಾಡೋ ಮುಂಚೆ ವರ್ಷಕ್ಕೆ ನಾವೇ ಕೈಯಿಂದ ಕೊಡ್ಬೇಕಾದ ಮೊತ್ತ) ಎಷ್ಟು ಮುಗಿದಿದೆ. ಅಕ್ಟೋಬರಲ್ಲಿ ಕೆಲಸ ಹೋಗಿ ಡಿಡಕ್ಟಿಬಲ್ ಪೂರ್ತಿ ಮುಗಿದಿದ್ರೆ ಕೋಬ್ರಾ ದುಬಾರಿ ಅನ್ಸಿದ್ರೂ ಡಿಸೆಂಬರ್ ತನಕ ಅದೇ ಲಾಭ, ಯಾಕಂದ್ರೆ ಹೊಸ ಪ್ಲಾನಲ್ಲಿ ಸೊನ್ನೆಯಿಂದ ಶುರು. ಫೆಬ್ರವರೀಲಿ ಹೋಗಿದ್ರೆ ಮಾರ್ಕೆಟ್‌ಪ್ಲೇಸ್. ಎರಡು, ಎಷ್ಟು ತಿಂಗಳ ಅಂತರ. ಎರಡು ತಿಂಗಳು ಅಂತ ಗ್ಯಾರಂಟಿ ಇದ್ರೆ ಡ್ರಾಯರಲ್ಲಿ ಕೋಬ್ರಾ ಇಟ್ಕೊಂಡು ಕಾಯೋದು, ಯಾವಾಗ ಕೆಲಸ ಸಿಗುತ್ತೋ ಗೊತ್ತಿಲ್ಲ ಅಂದ್ರೆ 60 ದಿನ ಮುಗಿಯೋದ್ರೊಳಗೆ ಮಾರ್ಕೆಟ್‌ಪ್ಲೇಸ್. ಇಲ್ಲಿ ಎಚ್ಚರ: ಕೋಬ್ರಾ ತಗೊಂಡು ನಾಲ್ಕು ತಿಂಗಳಾದ ಮೇಲೆ ದುಡ್ಡು ಸಾಲ್ದು ಅಂತ ನೀವಾಗೇ ಬಿಟ್ರೆ ಆಗ ಮಾರ್ಕೆಟ್‌ಪ್ಲೇಸ್ ಬಾಗಿಲು ತೆಗೆಯಲ್ಲ, ವರ್ಷದ ಕೊನೆಯ ಓಪನ್ ಎನ್‌ರೋಲ್‌ಮೆಂಟ್‌ಗೇ ಕಾಯ್ಬೇಕು.

ಶಾರ್ಟ್ ಟರ್ಮ್ ಪ್ಲಾನ್ ಅಂತ ಕಮ್ಮಿ ರೇಟಿಗೆ ಫೋನ್ ಮಾಡಿ ಮಾರ್ತಾರೆ. ಡಯಾಬಿಟಿಸ್ ಇದ್ದೋರಿಗೆ ಅದು ಬೇಡವೇ ಬೇಡ, ಮೊದಲಿಂದ ಇರೋ ಕಾಯಿಲೆಗೆ ಅವು ದುಡ್ಡು ಕೊಡ್ಬೇಕು ಅಂತಿಲ್ಲ.

ಮಕ್ಕಳಿಗಾದ್ರೆ ಇನ್ನೊಂದು ದಾರಿ. ಎಚ್-4 ಮಕ್ಕಳಿಗೂ ಮೆಡಿಕೇಯ್ಡ್ ಅಥವಾ ಚಿಪ್ (ಕಮ್ಮಿ ಆದಾಯದ ಮನೆಗಳಿಗೆ ಸರ್ಕಾರದ ಇನ್ಶೂರೆನ್ಸ್) ಕೊಡೋ ರಾಜ್ಯಗಳು ಬಹಳ ಇವೆ, ಟೆಕ್ಸಸ್ ಕೂಡ ಅದ್ರಲ್ಲಿ ಒಂದು, ಆದಾಯ ಪೂರ್ತಿ ನಿಂತಾಗ ಅರ್ಹತೆ ಬರಬಹುದು. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿರೋರು ಸರ್ಕಾರಿ ನೆರವು ತಗೊಂಡ್ರೆ ಅರ್ಜಿಗೆ ತೊಂದರೆ ಆಗುತ್ತಾ ಅಂತ ಒಮ್ಮೆ ವಕೀಲರನ್ನ ಕೇಳಿ ಮುಂದುವರೀರಿ, ಆದ್ರೆ ಬರೀ ಭಯಕ್ಕೆ ಬಿಟ್ಟು ಕೂರ್ಬೇಡಿ.

ಇನ್ಸುಲಿನ್ನೇ: 35 ಡಾಲರ್, 25 ಡಾಲರ್, ಇಲ್ಲಾ ಪ್ರಿಸ್ಕ್ರಿಪ್ಷನ್ ಇಲ್ಲದ್ದು

ಇದು ಮುಖ್ಯ ಭಾಗ.

ಇನ್ಸುಲಿನ್ ಮಾಡೋ ಮೂರು ದೊಡ್ಡ ಕಂಪನಿಗಳು ಲಿಲ್ಲಿ, ನೋವೋ ನಾರ್ಡಿಸ್ಕ್, ಸನೋಫಿ. 2023ರಲ್ಲಿ ಮೂರೂ ರೇಟ್ ಇಳಿಸ್ತೀವಿ ಅಂದ್ವು. ಲಿಲ್ಲಿ ತನ್ನ ಊಟದ ಇನ್ಸುಲಿನ್ ಹುಮಾಲಾಗ್ ರೇಟನ್ನ ಶೇ. 70 ಇಳಿಸ್ತು, 2024ರ ಜನವರಿ 1ರಿಂದ ಸನೋಫಿ ತನ್ನ ಗ್ಲಾರ್ಜಿನ್ ಆದ ಲ್ಯಾಂಟಸ್ ರೇಟನ್ನ ಶೇ. 78, ನೋವೋ ತನ್ನ ಊಟದ ಇನ್ಸುಲಿನ್ ನೋವೋಲಾಗ್ ರೇಟನ್ನ ಶೇ. 75 ಇಳಿಸ್ತು. ಇಷ್ಟಾದ್ರೂ ಕೌಂಟರಲ್ಲಿ ಒಂದು ಬಾಕ್ಸ್ ಪೆನ್ನಿಗೆ ನೂರರ ಆಸುಪಾಸು ಅಥವಾ ಮೇಲೆ ಹೇಳ್ತಾರೆ. ಅದರ ಮೇಲೆ ಮೂರೂ ಕಂಪನಿ ಒಂದೊಂದು ಸೇವಿಂಗ್ಸ್ ಕಾರ್ಡ್ ಕೊಡ್ತಾವೆ, ಇನ್ಶೂರೆನ್ಸ್ ಇಲ್ಲದವ್ರಿಗೆ ತಿಂಗಳಿಗೆ 35 ಡಾಲರ್. ಲಿಲ್ಲೀದು ಇನ್ಸುಲಿನ್ ವ್ಯಾಲ್ಯೂ ಪ್ರೋಗ್ರಾಂ, ಸನೋಫೀದು ಇನ್ಸುಲಿನ್ಸ್ ವ್ಯಾಲ್ಯೂ ಸೇವಿಂಗ್ಸ್, ನೋವೋದು ಮೈಇನ್ಸುಲಿನ್‌ಆರ್‌ಎಕ್ಸ್. ಮೆಡಿಕೇಯ್ಡ್, ಮೆಡಿಕೇರ್ (65 ದಾಟಿದೋರ ಸರ್ಕಾರಿ ಇನ್ಶೂರೆನ್ಸ್) ಇದ್ದೋರಿಗೆ ಕೆಲವು ನಡೆಯಲ್ಲ, ಒಂದೊಂದರ ಷರತ್ತು ಒಂದೊಂದು ಥರ, ಒಮ್ಮೆ ಓದ್ಕೊಳ್ಳಿ.

ನಾನು ಮೊದಲ ಸಲ ಹೋದಾಗ ಕೌಂಟರಲ್ಲಿದ್ದ ಹುಡುಗಿ ಇನ್ಶೂರೆನ್ಸ್ ಆ್ಯಕ್ಟಿವ್ ಇಲ್ಲ ಅಂತ ಮೂರಂಕಿಯ ಒಂದು ರೇಟ್ ಹೇಳಿದ್ಲು. ಪಾಪ, ಅವಳ ತಪ್ಪಲ್ಲ, ಅವಳ ಸ್ಕ್ರೀನ್ ಮೇಲೆ ಬಂದಿದ್ದು ಅದು. ನಾನು ಪಕ್ಕಕ್ಕೆ ಸರಿದು, ಬ್ಲಡ್ ಪ್ರೆಶರ್ ನೋಡೋ ಮೆಷಿನ್ ಇರುತ್ತಲ್ಲ, ಅದರ ಕುರ್ಚೀಲಿ ಕೂತು, ಫೋನಲ್ಲೇ ಕಾರ್ಡಿಗೆ ಹೆಸರು ಕೊಟ್ಟೆ, ಎರಡು ಮೂರು ಪ್ರಶ್ನೆ, ಅಷ್ಟೆ, ಕಾರ್ಡ್ ಬಂತು. ಅದ್ರ ಮೇಲೆ ಬಿನ್, ಪಿಸಿಎನ್, ಗ್ರೂಪ್, ಐಡಿ ಅಂತ ನಾಲ್ಕು ನಂಬರ್ ಇರುತ್ತೆ. ಮತ್ತೆ ಹೋಗಿ "ಇನ್ಶೂರೆನ್ಸ್ ಬದಲು ಇದನ್ನ ಹಾಕಿ" ಅಂದೆ. ಅವಳು ಒಂದೊಂದೇ ನಂಬರ್ ಟೈಪ್ ಮಾಡ್ತಿದ್ರೆ ನಾನು ಉಸಿರು ಬಿಗಿ ಹಿಡ್ಕೊಂಡು ನಿಂತಿದ್ದೆ, 35 ಅಂತ ಬಂತು. ಕಾರಿಗೆ ಬಂದು ಅತ್ತೆ. ಆ ನಾಲ್ಕು ನಂಬರನ್ನ ಮನೇಲೇ ರೆಡಿ ಮಾಡ್ಕೊಂಡು ಹೋಗಿ, ಅಷ್ಟು ಮಾಡಿದ್ರೆ ಅರ್ಧ ಸಂಕಟ ತಪ್ಪುತ್ತೆ.

ಇನ್ನೊಂದು ಲಿಲ್ಲಿಯದ್ದೇ, ಹುಮಾಲಾಗ್ ಹೆಸರಿಲ್ಲದ ಬರೀ "ಇನ್ಸುಲಿನ್ ಲಿಸ್ಪ್ರೊ" ವಯಲ್, 2023ರ ಮೇ 1ರಿಂದ 25 ಡಾಲರ್. ಔಷಧಿ ಅದೇ, ಹೆಸರು ಬೇರೆ. ಇದಕ್ಕೆ ಕಾರ್ಡ್ ಬೇಡ, ಪ್ರಿಸ್ಕ್ರಿಪ್ಷನ್ ಒಂದಿದ್ರೆ ಸಾಕು.

ಈಗ ಲೆಕ್ಕ ನೋಡಿ, ಯಾಕಂದ್ರೆ ಕಮ್ಮಿ ಬೆಲೆ ಯಾವುದು ಅನ್ನೋದು ದಿನಕ್ಕೆಷ್ಟು ಯೂನಿಟ್ ಅನ್ನೋದ್ರ ಮೇಲೆ ನಿಂತಿದೆ. ಒಂದು ವಯಲಲ್ಲಿ 1,000 ಯೂನಿಟ್, ಒಂದು ಪೆನ್ನಲ್ಲಿ 300, ಬಾಕ್ಸಲ್ಲಿ ಐದು ಪೆನ್ ಅಂದ್ರೆ 1,500. ತೆಗೆದ ಮೇಲೆ ಹೆಚ್ಚಿನವು 28 ದಿನ, ತೆಗೀದೆ ಫ್ರಿಜ್ಜಲ್ಲಿದ್ರೆ ಎಕ್ಸ್‌ಪೈರಿ ತನಕ. ನನ್ನ ಮಗಳಿಗೆ ಆಗ ಗ್ಲಾರ್ಜಿನ್ ದಿನಕ್ಕೆ 8 ಯೂನಿಟ್, ಸೂಜಿ ಪರೀಕ್ಷೆಗೆ ಅಂತ 2 ಹೋಗುತ್ತೆ, 28 ದಿನಕ್ಕೆ 280, ಅಂದ್ರೆ ಸರಿಯಾಗಿ ಒಂದು ಪೆನ್. ವಯಲ್ ತಗೊಂಡಿದ್ರೆ 28 ದಿನ ಆದ ಮೇಲೆ ಏಳುನೂರಕ್ಕೂ ಹೆಚ್ಚು ಯೂನಿಟ್ ಚೆಲ್ಬೇಕಿತ್ತು. ಒಂದು ಬಾಕ್ಸ್ ಪೆನ್ 35 ಡಾಲರಿಗೆ ಸಿಕ್ಕಿತು, ಅದು ಸುಮಾರು ನಾಲ್ಕೂವರೆ ತಿಂಗಳು ಬಂತು. ಊಟದ ಇನ್ಸುಲಿನ್ನಿಗೂ ಅರ್ಧ ಯೂನಿಟ್ ಹಾಕೋಕೆ ಬರೋ ಜೂನಿಯರ್ ಪೆನ್ನೇ ತಗೊಂಡ್ವಿ, 35, ಅದೂ ಎರಡು ತಿಂಗಳು ಮೀರಿ ಬಂತು. ಎರಡು ತಿಂಗಳ ಇನ್ಸುಲಿನ್ ಒಟ್ಟು 70 ಡಾಲರ್. ಮಾರ್ಚ್ ಕೊನೇ ವಾರ ನಿದ್ದೆ ಇಲ್ಲದೆ ಹೊರಳಾಡಿದ್ದು ಈ 70 ಡಾಲರಿಗೆ ಅಂತ ಆಮೇಲೆ ಗೊತ್ತಾಯ್ತು.

ದೊಡ್ಡೋರಿಗೆ, ಊಟಕ್ಕೆ ಅಂತಾನೇ ದಿನಕ್ಕೆ 60 ಯೂನಿಟ್ ಬೇಕಾದ್ರೆ ಲೆಕ್ಕ ಬೇರೆ. ತಿಂಗಳಿಗೆ 1,800, ಎರಡು ವಯಲ್, 50 ಡಾಲರ್. ಅಲ್ಲಿ 35ರ ಕಾರ್ಡೇ ಲಾಭ, ಯಾಕಂದ್ರೆ ಅದು ತಿಂಗಳ ಪ್ರಿಸ್ಕ್ರಿಪ್ಷನ್ನಿಗೆ 35, ಎಷ್ಟು ಪೆನ್ ಅನ್ನೋದ್ರ ಮೇಲಲ್ಲ. ದಿನಕ್ಕೆ 30ರ ಒಳಗಿದ್ದು ಸಿರಿಂಜ್ ಅಭ್ಯಾಸ ಇದ್ರೆ 25ರ ವಯಲ್. ಮಕ್ಕಳಿಗೆ ವಯಲ್ ತಗೊಳ್ಳೋದಾದ್ರೆ ಅರ್ಧ ಯೂನಿಟ್ ಗೆರೆ ಇರೋ 0.3 ಎಂಎಲ್ ಸಿರಿಂಜ್ ಕೇಳಿ, ಮತ್ತೆ ಸ್ಕೂಲ್ ನರ್ಸಿಗೆ ಹೊಸ ಆರ್ಡರ್ ಕೊಡಿಸಿ, ಪೆನ್ನಿಂದ ಸಿರಿಂಜಿಗೆ ಬದಲಾದ್ರೆ ಸ್ಕೂಲಲ್ಲಿ ಡಾಕ್ಟರ್ ಸಹಿ ಇರೋ ಪ್ಲಾನ್ ಇಲ್ಲದೆ ಕೊಡಲ್ಲ.

ಗ್ಲಾರ್ಜಿನ್‌ನಲ್ಲಿ ಇನ್ನೊಂದು ಆಯ್ಕೆ, ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯ ಗ್ಲಾರ್ಜಿನ್. 2021ರ ಜುಲೈನಲ್ಲಿ ಎಫ್‌ಡಿಎ (ಇಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ) ಅದನ್ನ ಲ್ಯಾಂಟಸ್ ಬದಲಿಗೆ ನೇರವಾಗಿ ಕೊಡಬಹುದಾದ ಮೊದಲ ಇನ್ಸುಲಿನ್ ಅಂತ ಒಪ್ಪಿತು. ಅಂದ್ರೆ ಡಾಕ್ಟರ್ ಲ್ಯಾಂಟಸ್ ಅಂತ ಬರೆದಿದ್ರೂ ಫಾರ್ಮಸಿಸ್ಟ್ ಹೊಸ ಪ್ರಿಸ್ಕ್ರಿಪ್ಷನ್ ಇಲ್ದೆ ಇದನ್ನ ಕೊಡಬಹುದು, ರಾಜ್ಯದ ನಿಯಮ ಒಪ್ಪಿದ್ರೆ. ಕ್ಯಾಲಿಫೋರ್ನಿಯಾದಲ್ಲಿರೋರಿಗೆ 2026ರ ಜನವರಿ 1ರಿಂದ ರಾಜ್ಯ ಸರ್ಕಾರದ ಕ್ಯಾಲ್‌ಆರ್‌ಎಕ್ಸ್ ಹೆಸರಲ್ಲಿ ಗ್ಲಾರ್ಜಿನ್ ಪೆನ್ ಬಂದಿದೆ, ಒಂದಕ್ಕೆ 11 ಡಾಲರ್, ಐದರ ಬಾಕ್ಸಿಗೆ 55. ಯಾವ ಫಾರ್ಮೂ ತುಂಬೋದಿಲ್ಲ, ಆದಾಯ ಕೇಳೋದಿಲ್ಲ, ಆ ಥರದ್ದು ಎಲ್ಲ ರಾಜ್ಯಕ್ಕೂ ಬರ್ಬೇಕು ಅಂತ ನನ್ನಾಸೆ.

ಪ್ರಿಸ್ಕ್ರಿಪ್ಷನ್ನೇ ಇಲ್ಲ, ಡಾಕ್ಟರ್ ಸಿಗ್ತಿಲ್ಲ, ಭಾನುವಾರ, ಇನ್ಸುಲಿನ್ ಖಾಲಿ ಅಂದ್ರೆ? ಮೊದಲು ನಿಮ್ಮ ಫಾರ್ಮಸಿಸ್ಟನ್ನ ಎಮರ್ಜೆನ್ಸಿ ರೀಫಿಲ್ ಕೊಡಿ ಅಂತ ಕೇಳಿ. ಒಹಾಯೋದಲ್ಲಿ 2014ರ ಹೊಸ ವರ್ಷದ ರಜೆಯ ಹೊತ್ತಿಗೆ ರೀಫಿಲ್ ಸಿಗದೆ ಕೆವಿನ್ ಹೌಡ್‌ಶೆಲ್ ಅನ್ನೋರು ತೀರಿಕೊಂಡ ಮೇಲೆ ಅವ್ರ ಮನೆಯವ್ರು ಹೋರಾಡಿ ತಂದ ಕಾನೂನು ಅದು, ಆ ಥರದ್ದು ಈಗ ಟೆಕ್ಸಸ್ ಸೇರಿ ಹಲವು ರಾಜ್ಯಗಳಲ್ಲಿದೆ. ಮಿನ್ನೆಸೋಟಾದಲ್ಲಿ ಅಲೆಕ್ ಸ್ಮಿತ್ ಹೆಸರಿನ ಕಾನೂನು 2020ರ ಜುಲೈನಿಂದ ಇದೆ, ತುರ್ತಿದ್ದೋರಿಗೆ 30 ದಿನದ ಇನ್ಸುಲಿನ್ 35 ಡಾಲರಿಗೆ. ಕೊಲೊರಾಡೊ, ಮೇನ್‌ನಲ್ಲೂ ತುರ್ತಿಗೆ ಆ ಥರದ ಏರ್ಪಾಡಿದೆ.

ಅದೂ ಆಗ್ಲಿಲ್ಲ ಅಂದ್ರೆ ವಾಲ್‌ಮಾರ್ಟ್‌ನ ರಿಲೈಆನ್ ಹೆಸರಿನ ನೋವೊಲಿನ್, ಆರ್, ಎನ್, 70/30 ಅಂತ ಮೂರು ಥರ, ವಯಲ್ 25 ಡಾಲರ್ ಆಸುಪಾಸು, ಇಂಡಿಯಾನಾ ಬಿಟ್ಟು ಬೇರೆ ಕಡೆ ಪ್ರಿಸ್ಕ್ರಿಪ್ಷನ್ ಬೇಡ, ಫಾರ್ಮಸಿ ಕೌಂಟರಲ್ಲಿ ಕೇಳ್ಬೇಕು, ಅದು ಅವ್ರ ಫ್ರಿಜ್ಜಲ್ಲಿರುತ್ತೆ. ಇದು ಜೀವ ಉಳಿಸುತ್ತೆ. ಆದ್ರೆ ಇದು ಹಳೇ ಕಾಲದ ಹ್ಯೂಮನ್ ಇನ್ಸುಲಿನ್, ನೀವು ಈಗ ತಗೊಳ್ತಿರೋದ್ರ ಥರ ನಡೆಯಲ್ಲ. ಲಿಸ್ಪ್ರೊ ತಗೊಂಡು ಆಗ್ಲೇ ತಟ್ಟೆ ಮುಂದೆ ಕೂರ್ತೀವಿ, ಆರ್ ಅನ್ನ ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಬೇಕು, ಊಟ ಮುಗಿದು ಐದಾರು ಗಂಟೆಯಾದ್ರೂ ಒಳಗೆ ಕೆಲಸ ಮಾಡ್ತಾನೇ ಇರುತ್ತೆ. ಎನ್ ಗ್ಲಾರ್ಜಿನ್ ಥರ ಸಮವಾಗಿ ಇರಲ್ಲ, ನಾಲ್ಕು ಗಂಟೆಯಾದ ಮೇಲೆ ಏರುತ್ತೆ, ರಾತ್ರಿ ಮಲಗುವಾಗ ತಗೊಂಡ್ರೆ ನಡುರಾತ್ರಿ ಶುಗರ್ ಕುಸೀಬಹುದು, ದಿನಕ್ಕೆ ಎರಡು ಸಲ ಬೇಕಾಗುತ್ತೆ. 2019ರಲ್ಲಿ ವರ್ಜೀನಿಯಾದ 27 ವರ್ಷದ ಯುವಕ ಇನ್ಶೂರೆನ್ಸ್ ಹೋಗಿ ಈ ಹಳೇ ಇನ್ಸುಲಿನ್ನಿಗೆ ಬದಲಾದ ಮೇಲೆ ತೀರಿಕೊಂಡ. ಹಾಗಾಗಿ ತಗೊಳ್ಳೋದಾದ್ರೆ ಅವತ್ತೇ ಎಂಡೋ ಆಫೀಸಿನ ಆನ್-ಕಾಲ್ ನಂಬರಿಗೆ ಫೋನ್ ಮಾಡಿ ಡೋಸ್ ಕೇಳಿ, ಎರಡು ಮೂರು ದಿನ ರಾತ್ರಿ ಮೂರು ಗಂಟೆಗೆ ಎದ್ದು ಶುಗರ್ ನೋಡಿ. ನನ್ನ ಪಟ್ಟೀಲಿ ಇದು ಕೊನೇ ಆಯ್ಕೆ, ಆದ್ರೆ ಇನ್ಸುಲಿನ್ ಇಲ್ಲದೆ ಇರೋದಕ್ಕಿಂತ ಸಾವಿರ ಪಾಲು ವಾಸಿ.

ಹಾಂ, ಅದೇ ಫೋನಲ್ಲಿ ಸ್ಯಾಂಪಲ್ ಪೆನ್ ಇದೆಯಾ ಅಂತಾನೂ ಕೇಳಿ. ಎಷ್ಟೋ ಆಫೀಸಲ್ಲಿ ಇರುತ್ತೆ.

ಊರಿಂದ ತರಿಸೋದು, ಕೆನಡಾಕ್ಕೆ ಹೋಗೋದು

ಊರಲ್ಲಿ ನೂರೈವತ್ತು ರೂಪಾಯಿಗೆ ಸಿಗುತ್ತಲ್ಲ, ಬರೋರ ಕೈಲಿ ತರಿಸಿದ್ರೆ ಆಯ್ತು ಅಂತ ಎಲ್ಲರೂ ಹೇಳ್ತಾರೆ. ಅದೇ ಏಪ್ರಿಲಲ್ಲಿ ನಮ್ಮತ್ತೆ ಶಿವಮೊಗ್ಗದಿಂದ ಬಂದ್ರು, ಅವ್ರಿಗೆ ಟೈಪ್ 2, ದಿನಕ್ಕೆ ಎರಡು ಸಲ ಇನ್ಸುಲಿನ್. ತಮ್ಮ ವಯಲ್‌ಗಳನ್ನ ಥರ್ಮಾಸಲ್ಲಿ ಐಸ್ ಪ್ಯಾಕ್ ಇಟ್ಟು ಜೋಪಾನವಾಗಿ ತಂದಿದ್ರು, ಸಿರಿಂಜ್ ಮಾತ್ರ ಕಮ್ಮಿ ಇತ್ತು. ಒಂದು ಬೆಳಗ್ಗೆ ನಾನು ದೋಸೆ ಹುಯ್ತಿದ್ದೆ, ಅವ್ರು ಕೇಳಿದ್ರು, "ನಿನ್ನ ಮಗಳ ಡಬ್ಬೀಲಿ ಒಂದು ಸಿರಿಂಜ್ ತಗೊಳ್ಳಲೇನಮ್ಮ?" ಅಂತ. ತಗೊಳ್ಳಿ ಅತ್ತೆ ಅನ್ನೋಕೆ ಬಾಯಿ ತೆಗೆದವಳು ತಿರುಗಿ ನೋಡಿದೆ. ಅವ್ರ ಸಿರಿಂಜ್ ಮುಚ್ಚಳ ಕೆಂಪು, ನಮ್ದು ಕಿತ್ತಳೆ. ಅವ್ರ ವಯಲ್ ಮೇಲೆ 40 ಐಯು, ನಮ್ಮದ್ರ ಮೇಲೆ 100.

ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಇಂಡಿಯಾದಲ್ಲಿ ವಯಲಲ್ಲಿ ಬರೋ ಇನ್ಸುಲಿನ್ ಹೆಚ್ಚಿನದು ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗೋದು ಒಂದು ಎಂಎಲ್‌ಗೆ 100 ಯೂನಿಟ್, ಕಿತ್ತಳೆ ಮುಚ್ಚಳ. ಕೆಂಪು ಸಿರಿಂಜಲ್ಲಿ ಇಲ್ಲಿನ ಇನ್ಸುಲಿನ್ 20ರ ಗೆರೆ ತನಕ ಎಳೆದ್ರೆ ಮೈಯೊಳಗೆ ಹೋಗೋದು 50 ಯೂನಿಟ್, ಎರಡೂವರೆ ಪಟ್ಟು, ಆಳು ಬೀಳೋಕೆ ಅಷ್ಟು ಸಾಕು. ಉಲ್ಟಾ ಮಾಡಿದ್ರೆ 20 ಅಂದ್ಕೊಂಡಿದ್ದು 8 ಯೂನಿಟ್ ಮಾತ್ರ ಆಗುತ್ತೆ. ಅತ್ತೆಗೆ ಅವ್ರ ಸಿರಿಂಜ್ ತೊಳೆದು ಮತ್ತೆ ಬಳಸಿ ಅಂತಾನೂ ಹೇಳೋಕಾಗಲ್ಲ. ಕೊನೆಗೆ ಅವ್ರನ್ನ ಹತ್ತಿರದ ಕಮ್ಯುನಿಟಿ ಹೆಲ್ತ್ ಸೆಂಟರಿಗೆ ಕರ್ಕೊಂಡು ಹೋಗಿ ಇಲ್ಲಿನ ಇನ್ಸುಲಿನ್, ಇಲ್ಲಿನ ಸಿರಿಂಜ್ ಬರೆಸಿದ್ವಿ, ಹಳೇ ವಯಲ್‌ಗಳನ್ನ ಬೇರೆ ಡಬ್ಬೀಲಿ ಹಾಕಿ ಟೇಪ್ ಸುತ್ತಿ ಇಟ್ವಿ. ವಿಸಿಟರ್ ಇನ್ಶೂರೆನ್ಸ್ ಇತ್ತು, ಆದ್ರೆ ಅವು ಮೊದಲಿಂದ ಇರೋ ಕಾಯಿಲೆಯ ದಿನನಿತ್ಯದ ಔಷಧಿಗೆ ದುಡ್ಡು ಕೊಡಲ್ಲ.

ಅಪ್ಪ ಅಮ್ಮ ಬರುವಾಗ ತಮ್ಮ ಉಪಯೋಗಕ್ಕೆ ಸುಮಾರು 90 ದಿನದ ಔಷಧಿ, ಇಂಗ್ಲಿಷಲ್ಲಿ ಬರೆದ ಚೀಟಿ, ಒರಿಜಿನಲ್ ಪ್ಯಾಕ್ ಜೊತೆ ತರಬಹುದು, ಹ್ಯಾಂಡ್ ಬ್ಯಾಗಲ್ಲೇ ಇರ್ಲಿ, ಕೆಳಗೆ ಹಾಕೋ ಸೂಟ್‌ಕೇಸಲ್ಲಿ ಹೆಪ್ಪುಗಟ್ಟಿದ್ರೆ ಇನ್ಸುಲಿನ್ ಕೆಟ್ಟಂತೆ. ಸಿರಿಂಜ್ ಇರೋ ದಿನಕ್ಕಿಂತ ಒಂದು ತಿಂಗಳಿಗೆ ಹೆಚ್ಚೇ ತರ್ಲಿ. ಆದ್ರೆ ಇಲ್ಲಿರೋ ಮಗುವಿಗೆ ಊರಿಂದ ತರಿಸೋದನ್ನ ನಾನು ಒಪ್ಪಲ್ಲ, 35 ಡಾಲರಿಗೆ ಇಲ್ಲೇ ಸಿಗುವಾಗ ಆ ಅಪಾಯ ಯಾಕೆ.

ಕೆನಡಾದಲ್ಲಿ ಪ್ರಿಸ್ಕ್ರಿಪ್ಷನ್ ಇಲ್ದೆ ಇನ್ಸುಲಿನ್ ಸಿಗುತ್ತೆ, 2019ರಲ್ಲಿ ಮಿನ್ನೆಸೋಟಾದ ತಾಯಂದಿರು ವ್ಯಾನ್ ಮಾಡ್ಕೊಂಡು ಹೋಗಿ ತಂದಿದ್ದು ಆಗಿನ ರೇಟಿಗೆ ಸರಿಯಿತ್ತು. ಎಚ್-1ಬಿ ಕೆಲಸ ಹೋದೋರು ಮಾತ್ರ ಈ ಯೋಚನೆ ಬಿಡಿ. ಕೆಲಸ ಹೋದ ಮೇಲೆ ಸಿಗೋ ಹೆಚ್ಚೆಂದ್ರೆ 60 ದಿನದ ಗ್ರೇಸ್ ಪೀರಿಯಡ್ ದೇಶದ ಒಳಗಿದ್ದೋರಿಗೆ, ಗಡಿ ದಾಟಿದ್ರೆ ಕೆಲಸ ಇಲ್ದೆ ಅದೇ ವೀಸಾದಲ್ಲಿ ವಾಪಸ್ ಬರೋಕಾಗಲ್ಲ.

ಉಳಿದ ಸಾಮಾನು

ಇನ್ಸುಲಿನ್‌ಗಿಂತ ಈಗ ಇವೇ ದುಬಾರಿ. ನಮ್ಮ ಹತ್ರ ನಾಲ್ಕು ಸೆನ್ಸರ್ ಉಳಿದಿತ್ತು, ಅದನ್ನ ಸ್ಕೂಲ್ ಪರೀಕ್ಷೆ ವಾರಕ್ಕೆ, ಜ್ವರ ಬಂದಾಗಿಗೆ ಅಂತ ಎತ್ತಿಟ್ಟು ಉಳಿದ ದಿನ ಬೆರಳು ಚುಚ್ಚಿ ನೋಡೋದಕ್ಕೆ ವಾಪಸ್ ಹೋದ್ವಿ. ಬ್ರ್ಯಾಂಡೆಡ್ ಸ್ಟ್ರಿಪ್ ಒಂದೊಂದು ಒಂದು ಡಾಲರ್ ಮೇಲೂ ಇರುತ್ತೆ, ರಿಲೈಆನ್ ಸ್ಟ್ರಿಪ್ 50ಕ್ಕೆ ಸುಮಾರು 9 ಡಾಲರ್. ದಿನಕ್ಕೆ ಏಳು ಸಲ ಅಂದ್ರೆ ತಿಂಗಳಿಗೆ 210 ಸ್ಟ್ರಿಪ್, ಐದು ಡಬ್ಬಿ, 45 ಡಾಲರ್. ಮಗಳು ಮೊದಲ ವಾರ ತುಂಬಾ ಅತ್ಲು, ಬೆರಳ ಪಕ್ಕದಲ್ಲಿ ಚುಚ್ಚಿದ್ರೆ ನೋವು ಕಮ್ಮಿ ಅಂತ ಆಮೇಲೆ ಅವಳೇ ಕಂಡ್ಕೊಂಡ್ಲು. ಪ್ರಿಸ್ಕ್ರಿಪ್ಷನ್ ಇಲ್ದೆ ಸಿಗೋ ಸ್ಟೆಲೋ ಅನ್ನೋ ಸೆನ್ಸರ್ ಬಂದಿದೆ, ಅದು ಇನ್ಸುಲಿನ್ ತಗೊಳ್ಳದ ದೊಡ್ಡೋರಿಗೆ ಮಾತ್ರ ಮಾಡಿರೋದು, ಅದನ್ನ ನೋಡಿ ಇನ್ಸುಲಿನ್ ಡೋಸ್ ಹಾಕ್ಬೇಡಿ. ಕೀಟೋನ್ ಸ್ಟ್ರಿಪ್ಪಿಗೆ ಪ್ರಿಸ್ಕ್ರಿಪ್ಷನ್ ಬೇಡ, ಮೂತ್ರದ್ದು ಕೆಲವೇ ಡಾಲರ್, ಒಂದು ಡಬ್ಬಿ ಇರ್ಲೇಬೇಕು.

ಕಮ್ಯುನಿಟಿ ಹೆಲ್ತ್ ಸೆಂಟರ್ ಅಂದೆನಲ್ಲ, ಕೇಂದ್ರ ಸರ್ಕಾರದ ನೆರವಿಂದ ನಡೆಯೋ ಇವು ದೇಶದಲ್ಲಿ ಸಾವಿರಕ್ಕೂ ಹೆಚ್ಚಿವೆ. ಫೀಸ್ ಆದಾಯ ನೋಡಿ ಹಾಕ್ತಾರೆ, 340ಬಿ ಅನ್ನೋ ಕಾರ್ಯಕ್ರಮದಲ್ಲಿ ಔಷಧೀನೂ ಕಮ್ಮಿಗೆ ಸಿಗಬಹುದು. ಅಂತರ ಮೂರು ತಿಂಗಳು ದಾಟುತ್ತೆ ಅನ್ನಿಸಿದ್ರೆ ಕೊನೇ ತನಕ ಕಾಯದೆ ಮೊದಲ ತಿಂಗಳೇ ಹೋಗಿ ಹೆಸರು ಬರೆಸಿ, ಅಪಾಯಿಂಟ್‌ಮೆಂಟ್ ಸಿಗೋಕೆ ಟೈಮ್ ಹಿಡಿಯುತ್ತೆ.

ಗ್ರೀನ್ ಕಾರ್ಡ್ ಇದ್ದು ಐದು ವರ್ಷ ಸತತ ಇಲ್ಲಿದ್ದ, 65 ದಾಟಿದ ಅಪ್ಪ ಅಮ್ಮಂಗೆ ಮೆಡಿಕೇರ್ ಕೊಂಡ್ಕೊಳ್ಳೋ ದಾರಿ ಇದೆ, ಅಲ್ಲಿ 2023ರಿಂದ ಪ್ರತಿ ಇನ್ಸುಲಿನ್ನಿಗೂ ತಿಂಗಳಿಗೆ 35ರ ಮೇಲೆ ಹಾಕಂಗಿಲ್ಲ, ವರ್ಷದ ಮಧ್ಯ ರೇಟ್ ಏರ್ತಿದ್ದ ಆ "ಡೋನಟ್ ಹೋಲ್" 2025ರಿಂದ ಇಲ್ಲ. ಸಿರಿಂಜ್, ಸೂಜಿ ಮೆಡಿಕೇರ್‌ನ ಪಾರ್ಟ್ ಡಿ (ಔಷಧಿ ಭಾಗ) ಲೆಕ್ಕಕ್ಕೆ, ಸ್ಟ್ರಿಪ್ ಪಾರ್ಟ್ ಬಿ (ಡಾಕ್ಟರ್, ಸಾಮಾನಿನ ಭಾಗ) ಲೆಕ್ಕಕ್ಕೆ.

ಇಷ್ಟೆಲ್ಲದರ ಮಧ್ಯೆ ಮಗು ವಾಂತಿ ಮಾಡ್ತಿದೆ, ಹೊಟ್ಟೆ ನೋವು ಅಂತಿದೆ, ಉಸಿರು ಜೋರಾಗಿ ಆಳವಾಗಿ ಬರ್ತಿದೆ, ಬಾಯಲ್ಲಿ ಹಣ್ಣಿನ ವಾಸನೆ, ಕೀಟೋನ್ ಸ್ಟ್ರಿಪ್ ಬಣ್ಣ ಗಾಢ ಅಂದ್ರೆ ಆಗ ಯಾವ ಹೋಲಿಕೆನೂ ಬೇಡ, ಆಸ್ಪತ್ರೆಯ ಎಮರ್ಜೆನ್ಸಿ ರೂಮಿಗೆ, ಅಂದ್ರೆ ಇಆರ್‌ಗೆ ಹೊರಡಿ. 1986ರ ಕಾನೂನು ಪ್ರಕಾರ ಇಆರ್ ಇರೋ ಆಸ್ಪತ್ರೆಗಳು ದುಡ್ಡು, ಇನ್ಶೂರೆನ್ಸ್ ಇದೆಯಾ ಅಂತ ನೋಡದೆ ಮೊದಲು ರೋಗಿಯನ್ನ ಅಪಾಯದಿಂದ ಪಾರು ಮಾಡ್ಲೇಬೇಕು. ಬಿಲ್ ಬಂದ ಮೇಲೆ ಆಸ್ಪತ್ರೆಯ ಫೈನಾನ್ಷಿಯಲ್ ಅಸಿಸ್ಟೆನ್ಸ್ ಅರ್ಜಿ ಕೇಳಿ, ಲಾಭಕ್ಕಲ್ಲದ ಆಸ್ಪತ್ರೆಗಳು ಅದನ್ನ ಇಟ್ಟಿರ್ಲೇಬೇಕು. ಮತ್ತೆ ಡ್ರಾಯರಲ್ಲಿರೋ ಕೋಬ್ರಾ ಕಾಗದ, 60 ದಿನ ದಾಟಿಲ್ಲ ಅಂದ್ರೆ, ಅವತ್ತೇ ಸಹಿ ಹಾಕಿ ಪೋಸ್ಟ್ ಮಾಡಿ, ರಸೀದಿ ಇಟ್ಕೊಳ್ಳಿ.